ನೋಡಿ ತಿಳಿದವರಿಗೆ ಮಾಡಿ ಕಲಿಯಲು ಯಂತ್ರ ಕೊಡಿ

ರಾಜ್ಯದ ಕೌಶಲ್ಯಾಭಿವೃದ್ಧಿ ಸಚಿವರಿಗೆ ಮತ್ತು ಇಲಾಖೆಯ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಬೆಂಗಳೂರಿನ ಪೀಣ್ಯದಲ್ಲಿ ಹನ್ನೊಂದು ಯಂತ್ರಗಳಿರುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಸಿಎನ್‌ಸಿ ಸೆಟ್ಟರ್. ಸಿಎನ್‌ಸಿ ಎಂದರೆ ಕಂಪ್ಯೂಟರ್ ಆಜ್ಞೆಯಂತೆ ಲೋಹ ಕೊರೆಯುವ ಯಂತ್ರ. ಡ್ರಾಯಿಂಗ್ ಓದಿ, ಕೊರೆಯುವ ಟೂಲ್ ಹಾಕಿ, ಆ ಟೂಲ್‌ನ ಸ್ಥಾನದ ಲೆಕ್ಕವಾದ ಆಫ್‌ಸೆಟ್ ತೆಗೆದು, ಮೊದಲ ಜಾಬ್, ಅಂದರೆ ತಯಾರಾಗುವ ಬಿಡಿಭಾಗ, ಅಳತೆಗೆ ಬರುವವರೆಗೂ ಯಂತ್ರದ ಮುಂದೆ ನಿಂತು, ಆಮೇಲೆ ಅದನ್ನು ಆಪರೇಟರ್ ಕೈಗೆ ಒಪ್ಪಿಸುವುದು ನನ್ನ ಕೆಲಸ. ಇದರಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಕೆಲಸ ಹೇಳಿಕೊಡುವ ಹೊಣೆಯೂ ನನ್ನ ಮೇಲಿದೆ. ಅವರನ್ನು ದಿನವೂ ಹತ್ತಿರದಿಂದ ನೋಡುತ್ತಿರುವುದರಿಂದಲೇ, ಮೊಬೈಲ್‌ನಲ್ಲಿ ಪಾಠ ನೋಡಿ ಬರುವವರಿಗೆ ಸರ್ಕಾರಿ ವರ್ಕ್‌ಶಾಪ್‌ನ ಯಂತ್ರಗಳ ಮೇಲೆ ಅಭ್ಯಾಸ ಸಿಗಲಿ ಎಂದು ಕೇಳಲು ಈ ಪತ್ರ ಬರೆಯಬೇಕೆನಿಸಿತು.

ಹತ್ತು ವರ್ಷದ ಹಿಂದೆ ಕೆಲಸ ಕೇಳಿಕೊಂಡು ಬರುತ್ತಿದ್ದವರು "ಸರ್, ಸಿಎನ್‌ಸಿ ಎಂದರೇನು ಎಂದು ಗೊತ್ತಿಲ್ಲ, ಕಲಿಯುತ್ತೇನೆ" ಎನ್ನುತ್ತಿದ್ದರು. ಈಗ ಬರುವವರಲ್ಲಿ ಹಾಗೆ ಹೇಳುವವರು ಕಡಿಮೆ. ರಾಯಚೂರು, ಗದಗ, ಚಿತ್ರದುರ್ಗ, ಚಾಮರಾಜನಗರದಿಂದ ಬರುವ ಐಟಿಐ ಮತ್ತು ಡಿಪ್ಲೊಮಾ ಮಕ್ಕಳು ಊರು ಬಿಡುವ ಮೊದಲೇ ಮೊಬೈಲ್‌ನಲ್ಲಿ ಹತ್ತಾರು ಪಾಠಗಳನ್ನು ನೋಡಿರುತ್ತಾರೆ. ಯಂತ್ರಕ್ಕೆ ಆಜ್ಞೆ ಕೊಡುವ ಜಿ ಕೋಡ್, ಎಂ ಕೋಡ್ ಬಾಯಿಪಾಠವಾಗಿರುತ್ತದೆ. ಕೆಲವರ ಬಳಿ ಆನ್‌ಲೈನ್ ಕೋರ್ಸಿನ ಪ್ರಮಾಣಪತ್ರಗಳೂ ಇರುತ್ತವೆ. ಈ ಬದಲಾವಣೆ ನನಗೆ ನಿಜಕ್ಕೂ ಖುಷಿ ಕೊಟ್ಟಿದೆ. ನಾನು ಕಲಿಯುವಾಗ ಜಿ ಕೋಡ್‌ಗಳ ಪಟ್ಟಿ ಇದ್ದದ್ದು ಮೇಸ್ತ್ರಿಯವರ ಬೀರುವಿನಲ್ಲಿ. ಅದನ್ನು ಕೇಳಿ ನೋಡಲು ನನಗೆ ಎಂಟು ತಿಂಗಳು ಧೈರ್ಯ ಸಾಲಲಿಲ್ಲ. ಇವತ್ತು ಅದೇ ಪಟ್ಟಿ ಹೊಲದ ಬದುವಿನ ಮೇಲೆ ಕುಳಿತ ಹುಡುಗಿಯ ಕೈಗೂ ಸಿಗುತ್ತದೆ.

ಒಮ್ಮೆ ನಮ್ಮಲ್ಲಿ ಸೇರಿದ್ದ ನಾಲ್ವರು ಹುಡುಗರ ಬಾಡಿಗೆ ಕೋಣೆಗೆ ಹೋಗಿದ್ದೆ. ರಾತ್ರಿ ಹತ್ತು ದಾಟಿತ್ತು. ಸ್ಟೀಲ್ ಲೋಟಕ್ಕೆ ಮೊಬೈಲ್ ಆನಿಸಿಟ್ಟು ನಾಲ್ವರೂ ತಿರುಗುವ ಲೋಹವನ್ನು ಕೊರೆಯುವ ಟರ್ನಿಂಗ್ ಸೈಕಲ್ ಬಗ್ಗೆ ಒಂದು ಹಿಂದಿ ಪಾಠ ನೋಡುತ್ತಿದ್ದರು. ಅವರಲ್ಲಿ ಹಿಂದಿ ಬರುತ್ತಿದ್ದುದು ಒಬ್ಬನಿಗೆ. ಅವನು ಆಗಾಗ ನಿಲ್ಲಿಸಿ ಉಳಿದವರಿಗೆ ಕನ್ನಡದಲ್ಲಿ ಹೇಳುತ್ತಿದ್ದ. ಪಕ್ಕದಲ್ಲಿದ್ದ ನೋಟ್‌ಬುಕ್ ತೆಗೆದು ನೋಡಿದೆ. ಎಡಗಡೆ ಕೋಡ್, ಬಲಗಡೆ ಅರ್ಥ. ಜಿ00 ಎಂಬುದರ ಮುಂದೆ "ಗಾಳಿಯಲ್ಲಿ ಓಡು" ಎಂದಿತ್ತು. ಜಿ01 ಎಂಬುದರ ಮುಂದೆ "ಕೊರೆಯುತ್ತಾ ನಡೆ". ಎಂ30ರ ಮುಂದೆ "ಮುಗಿಯಿತು, ಮೊದಲಿಗೆ ಬಾ". ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. ಜಿ00 ಕೊಟ್ಟಾಗ ಟೂಲ್ ಲೋಹವನ್ನು ಮುಟ್ಟದೆ ಗಾಳಿಯಲ್ಲಿ ವೇಗವಾಗಿ ಹೋಗಬೇಕು, ಜಿ01 ಕೊಟ್ಟಾಗ ಲೋಹವನ್ನು ಕೊರೆಯುತ್ತಾ ನಿಧಾನವಾಗಿ ಸಾಗಬೇಕು. ಎರಡೇ ಪದಗಳಲ್ಲಿ ಆ ವ್ಯತ್ಯಾಸವನ್ನು ಆ ಮಕ್ಕಳು ಹಿಡಿದಿದ್ದರು. ಕಲಿಯುವ ಹಸಿವು ಎಷ್ಟಿದೆ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಆ ನಾಲ್ವರಲ್ಲಿ ಒಬ್ಬ, ಸೇರಿದ ಮೂರನೇ ವಾರದಲ್ಲಿ, ತಾನೇ ಒಂದು ಪ್ರೋಗ್ರಾಂ ಬರೆದು ತಂದು ತೋರಿಸಿದ. ಸಾದಾ ಸ್ಟೆಪ್ ಟರ್ನಿಂಗ್, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ವ್ಯಾಸ ಇಳಿಸುವ ಕೆಲಸ. ಕಣ್ಣಾಡಿಸಿದೆ, ಕ್ರಮವೆಲ್ಲ ಸರಿ ಕಂಡಿತು, ಹಾಕಿ ನೋಡು ಎಂದೆ. ಮೊದಲ ಚಲನೆಗೆ ಅವನು ಕೊಟ್ಟಿದ್ದದ್ದು ಎಕ್ಸ್ 40, ಝಡ್ 2. ಅಂದರೆ 40 ಮಿಲಿಮೀಟರ್ ವ್ಯಾಸದಲ್ಲಿ, ಜಾಬ್‌ನ ಮುಖದಿಂದ 2 ಮಿಲಿಮೀಟರ್ ದೂರದಲ್ಲಿ ಟೂಲ್ ಬಂದು ನಿಲ್ಲಬೇಕು. ಆದರೆ ಆ ಯಂತ್ರದ ಕಂಟ್ರೋಲರ್‌ನ ಸೆಟ್ಟಿಂಗ್ ಬೇರೆ ಇತ್ತು. ಅಂಕಿಯ ಕೊನೆಗೆ ದಶಮಾಂಶ ಚುಕ್ಕೆ ಇಡದಿದ್ದರೆ ಅದು ಮಿಲಿಮೀಟರನ್ನು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ಎಂದು ಓದುತ್ತದೆ. 40 ಎಂದು ಬರೆದರೆ ಅದಕ್ಕೆ 0.040. 40 ಬರೆದು ಚುಕ್ಕೆ ಇಟ್ಟರೆ ಮಾತ್ರ ನಲವತ್ತು ಮಿಲಿಮೀಟರ್. ಹೊರಗೆ ನಿಲ್ಲಬೇಕಾದ ಟೂಲ್ ಪೂರ್ಣ ವೇಗದಲ್ಲಿ ಜಾಬ್‌ನ ಮುಖದ ನಡುಮಧ್ಯಕ್ಕೆ ನುಗ್ಗಿತು. ಒಂದು ಕ್ಷಣ, ಒಂದು ಸದ್ದು. ಟೂಲ್‌ನ ಕೊರೆಯುವ ತುದಿಯಾದ ಇನ್ಸರ್ಟ್ ಪುಡಿಯಾಯಿತು, ಅದನ್ನು ಹಿಡಿದ ಹೋಲ್ಡರ್ ಬಾಗಿತು, ಟೂಲ್‌ಗಳನ್ನು ಹೊರುವ ಟರೆಟ್‌ನ ಅಲೈನ್‌ಮೆಂಟ್ ಹೋಯಿತು. ಬಾಗಿಲು ಮುಚ್ಚಿದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಯಂತ್ರ ಎರಡು ದಿನ ನಿಂತಿತು. ಹುಡುಗ ಆ ಎರಡು ದಿನವೂ ಸರಿಯಾಗಿ ಊಟ ಮಾಡಲಿಲ್ಲ.

ತಪ್ಪು ಅವನದೆನ್ನಲು ನನಗೆ ಮನಸ್ಸು ಬರುವುದಿಲ್ಲ. ಅವನು ಅಭ್ಯಾಸ ಮಾಡಿದ್ದ, ಯಂತ್ರದ ಚಲನೆಯನ್ನು ಪರದೆಯ ಮೇಲೆ ತೋರಿಸುವ ಸಿಮ್ಯುಲೇಟರ್‌ನಲ್ಲಿ 40 ಎಂದರೆ ನಲವತ್ತು ಮಿಲಿಮೀಟರೇ ಆಗಿತ್ತು. ಅವನು ನೋಡಿದ್ದ ಪಾಠಗಳಲ್ಲಿ ಈ ಚುಕ್ಕೆಯ ಮಾತನ್ನು ಯಾರೂ ಎತ್ತಿರಲಿಲ್ಲ. ಹೊಸ ಪ್ರೋಗ್ರಾಂ ಹಾಕಿದಾಗ ರ್‍ಯಾಪಿಡ್ ವೇಗವನ್ನು ಕೆಳಕ್ಕಿಳಿಸಿ, ಸಿಂಗಲ್ ಬ್ಲಾಕ್ ಹಾಕಿ, ಒಂದೊಂದೇ ಸಾಲು ಓಡಿಸುತ್ತಾ, ಬೆರಳನ್ನು ಟೂಲ್ ನಿಲ್ಲಿಸುವ ಫೀಡ್ ಹೋಲ್ಡ್ ಗುಂಡಿಯ ಮೇಲೆಯೇ ಇಟ್ಟುಕೊಂಡು, ಪರದೆಯಲ್ಲಿ ಇನ್ನೆಷ್ಟು ದೂರ ಹೋಗಲಿದೆ ಎಂಬ ಅಂಕಿಯನ್ನು ನೋಡುತ್ತಿರಬೇಕು. ಇದನ್ನು ಮಾತಿನಲ್ಲಿ ಹೇಳಿದರೆ ಅರ್ಧ ನಿಮಿಷ. ಆದರೆ ಬೆರಳಿಗೆ ಆ ಅಭ್ಯಾಸ ಹತ್ತಬೇಕಾದರೆ ಪಕ್ಕದಲ್ಲಿ ತಿಳಿದವರೊಬ್ಬರು ನಿಂತು, ಯಂತ್ರದ ಮುಂದೆ ಇಪ್ಪತ್ತು ಮೂವತ್ತು ಸಲ ಮಾಡಿಸಬೇಕು. ಅವನಿಗೆ ಆ ಅವಕಾಶ ಎಲ್ಲಿಯೂ ಸಿಕ್ಕಿರಲಿಲ್ಲ.

ನಾನು ಕೇಳಬೇಕೆಂದಿರುವುದು ಇಷ್ಟೇ, ಮಾನ್ಯರೇ: ಮೊಬೈಲ್‌ನಲ್ಲಿ ಪಾಠ ನೋಡಿ ಬಂದವರಿಗೆ ಸರ್ಕಾರಿ ವರ್ಕ್‌ಶಾಪ್‌ಗಳ ಬಾಗಿಲನ್ನು ಸಂಜೆಯ ಹೊತ್ತು ತೆರೆಯಿರಿ.

ವೀಡಿಯೊ ಪಾಠಗಳ ಮೇಲೆ ನನಗೆ ದೂರಿಲ್ಲ. ಅವು ಎಲ್ಲಿ ಚೆನ್ನಾಗಿ ಕೆಲಸ ಮಾಡಿವೆ, ಏಕೆ ಮಾಡಿವೆ ಎಂದು ನೋಡಿದರೆ ದಾರಿ ಕಾಣುತ್ತದೆ. ಐಐಟಿ ಬಾಂಬೆಯಲ್ಲಿ ಪ್ರೊಫೆಸರ್ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ ಬೆಳೆದ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯನ್ನೇ ತೆಗೆದುಕೊಳ್ಳಿ. ಸುಮಾರು ಹತ್ತು ನಿಮಿಷದ ಪುಟ್ಟ ಪಾಠಗಳು. ಮುಕ್ತ ತಂತ್ರಾಂಶಗಳನ್ನು ಕಲಿಸುತ್ತವೆ. ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳ ಧ್ವನಿಯಲ್ಲಿ ಸಿಗುತ್ತವೆ. ಅವರ ಪದ್ಧತಿಯ ಜೀವಾಳ ಇರುವುದು ಒಂದು ಸರಳ ಸೂಚನೆಯಲ್ಲಿ. ಕಂಪ್ಯೂಟರ್ ಪರದೆಯ ಒಂದು ಬದಿಯಲ್ಲಿ ಪಾಠ ಇರಲಿ, ಇನ್ನೊಂದು ಬದಿಯಲ್ಲಿ ತಂತ್ರಾಂಶ ತೆರೆದಿರಲಿ. ಅವರು ಮಾಡಿದ್ದನ್ನು ನೀವು ಆಗಲೇ ಮಾಡಿ, ತಪ್ಪಿದರೆ ನಿಲ್ಲಿಸಿ, ಮತ್ತೆ ಮಾಡಿ. ತಂತ್ರಾಂಶ ಉಚಿತವಾದ್ದರಿಂದ ಬಡವರ ಮನೆಯ ಮಗುವಿಗೂ ಅದು ಸಿಗುತ್ತದೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯುವವರಿಗೆ ಪಾಠಶಾಲೆಯೂ ಕಾರ್ಖಾನೆಯೂ ಒಂದೇ ಪೆಟ್ಟಿಗೆಯಲ್ಲಿವೆ. ಕೋಡ್ ತಪ್ಪಾದರೆ ಪರದೆಯ ಮೇಲೆ ಒಂದು ಸಾಲು ಬರುತ್ತದೆ, ಇನ್ಸರ್ಟ್ ಒಡೆಯುವುದಿಲ್ಲ. ನಮ್ಮ ರಾಜ್ಯದಲ್ಲಿ ತಂತ್ರಾಂಶದ ಕೆಲಸವನ್ನು ಎಷ್ಟೋ ಮಕ್ಕಳು ಮನೆಯಲ್ಲೇ ಕಲಿತು ಮುಂದೆ ಬಂದದ್ದಕ್ಕೆ ಇದೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ವೆಲ್ಡಿಂಗ್, ಮೋಟಾರ್ ರಿವೈಂಡಿಂಗ್, ಸಿಎನ್‌ಸಿ, ಫ್ರಿಜ್ ಮತ್ತು ಎ.ಸಿ. ರಿಪೇರಿ, ಸೋಲಾರ್ ಪ್ಯಾನೆಲ್ ಜೋಡಣೆ ಇವುಗಳಿಗೆ ಆ ಅನುಕೂಲವಿಲ್ಲ. ಪಾಠ ಕೈಯಲ್ಲಿದೆ, ಯಂತ್ರ ಬೇಲಿಯಾಚೆ ಇದೆ. ಮೈಕ್ರೋಮೀಟರ್ ಎಂಬ ಅಳತೆಯ ಸಾಧನದಲ್ಲಿ 0.01 ಮಿಲಿಮೀಟರ್ ಓದುವುದನ್ನು ಐದು ನಿಮಿಷದ ವೀಡಿಯೊ ನನಗಿಂತ ಸ್ಪಷ್ಟವಾಗಿ ತೋರಿಸುತ್ತದೆ, ದೊಡ್ಡದು ಮಾಡಿ, ಬಣ್ಣ ಹಾಕಿ. ಆದರೆ ಜಾಬ್ ಅನ್ನು ಎಷ್ಟು ಒತ್ತಿ ಹಿಡಿಯಬೇಕು ಎಂಬುದು ಬೆರಳಿಗೆ ಗೊತ್ತಾಗಬೇಕು. ಹೊಸಬರು ಒತ್ತಡವನ್ನು ಹದದಲ್ಲಿಡುವ ತುದಿಯ ರ್‍ಯಾಚೆಟ್ ಬಿಟ್ಟು ದೊಡ್ಡ ತಿರುಗಣೆಯಾದ ಥಿಂಬಲ್ ಹಿಡಿದು ತಿರುಗಿಸುತ್ತಾರೆ. ಒಂದೇ ಜಾಬ್ ಅನ್ನು ಮೂವರು ಅಳೆದರೆ ಮೂರು ಅಳತೆ ಬರುತ್ತದೆ. ಟೂಲ್ ಸವೆದಾಗ ಕೊರೆಯುವ ಸದ್ದು ಬದಲಾಗುತ್ತದೆ, ಉದುರುವ ಲೋಹದ ಚಿಪ್‌ನ ಬಣ್ಣವೂ ಆಕಾರವೂ ಬದಲಾಗುತ್ತವೆ. ಮೊಬೈಲ್‌ನ ಸ್ಪೀಕರ್‌ಗೆ ಆ ಸದ್ದು ಹಿಡಿಯುವುದಿಲ್ಲ. ಐಟಿಐ ಪಠ್ಯಕ್ರಮ ಮಾಡಿದವರಿಗೂ ಇದು ಚೆನ್ನಾಗಿ ಗೊತ್ತು. ಒಂದು ವರ್ಷದ 1,200 ಗಂಟೆಗಳಲ್ಲಿ 840 ಗಂಟೆಗಳನ್ನು ಅವರು ಪ್ರಾಯೋಗಿಕ ಕೆಲಸಕ್ಕೇ ಎತ್ತಿಟ್ಟಿದ್ದಾರೆ.

ದೊಡ್ಡ ವಿಶ್ವವಿದ್ಯಾಲಯಗಳ ಆನ್‌ಲೈನ್ ಕೋರ್ಸುಗಳೂ ಇದೇ ಕಥೆ ಹೇಳುತ್ತವೆ. 2012ರಲ್ಲಿ ಅಮೆರಿಕದ ಎಂಐಟಿ ಎಲೆಕ್ಟ್ರಾನಿಕ್ ಸರ್ಕ್ಯೂಟ್‌ಗಳ ಬಗ್ಗೆ ಇಡೀ ಜಗತ್ತಿಗೆ ಉಚಿತವಾಗಿ ಒಂದು ಕೋರ್ಸ್ ನಡೆಸಿತು. ಸುಮಾರು 1,55,000 ಜನ ಹೆಸರು ನೋಂದಾಯಿಸಿದರು. ಕೊನೆಗೆ ಪ್ರಮಾಣಪತ್ರ ಪಡೆದವರು 7,157 ಮಂದಿ, ನೂರಕ್ಕೆ ಐದಕ್ಕಿಂತ ಕಡಿಮೆ. ಪೂರ್ಣ ಅಂಕ ಪಡೆದ ಸುಮಾರು 340 ಜನರಲ್ಲಿ ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನ ಹದಿನೈದು ವರ್ಷದ ಹುಡುಗ ಬತ್ತುಶಿಗ್ ಮ್ಯಾಂಗನ್‌ಬಯಾರ್ ಕೂಡ ಇದ್ದ. ಅವನ ಸುದ್ದಿ ಲೋಕವೆಲ್ಲ ಹಬ್ಬಿತು, ಮನೆಯಲ್ಲೇ ಕುಳಿತು ವೀಡಿಯೊ ನೋಡಿ ಗೆದ್ದ ಹುಡುಗ ಎಂದು. ಅದರ ಹಿಂದಿನ ಇನ್ನೊಂದು ಸಂಗತಿಯನ್ನು ಹೇಳುವವರು ಕಡಿಮೆ. ಅವನ ಶಾಲೆಯ ಮುಖ್ಯಸ್ಥರು ಸ್ವತಃ ಎಂಐಟಿಯಲ್ಲಿ ಓದಿ ಬಂದವರು. ವೀಡಿಯೊ ಒಂದೇ ಸಾಲದು ಎಂದು ಅವರಿಗೆ ಗೊತ್ತಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಒಬ್ಬರನ್ನು ಕರೆಸಿಕೊಂಡರು. ಬಂದವರು ಪ್ರಯೋಗಾಲಯದ ಉಪಕರಣಗಳನ್ನೂ ತಂದು, ಮಕ್ಕಳ ಜೊತೆ ನಿಂತು ಸರ್ಕ್ಯೂಟ್‌ಗಳನ್ನು ಕೈಯಾರೆ ಮಾಡಿಸಿದರು. ಬತ್ತುಶಿಗ್‌ನ ಬುದ್ಧಿವಂತಿಕೆ ಅವನದೇ. ಆದರೆ ಅವನ ಮುಂದೆ ಪಾಠವೂ ಇತ್ತು, ಮೇಜಿನ ಮೇಲೆ ಸಾಮಾನೂ ಇತ್ತು, ಕೇಳಿದರೆ ಹೇಳುವವರೂ ಇದ್ದರು. ನಮ್ಮ ಗದಗದ ಹುಡುಗನಿಗೆ ಮೂರರಲ್ಲಿ ಒಂದು ಮಾತ್ರ ಇದೆ.

ಉಳಿದ ಎರಡನ್ನು ಒದಗಿಸಲು ನಮ್ಮ ಸರ್ಕಾರ ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ. ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಪ್ರಧಾನ ಮಂತ್ರಿಗಳಿಂದ ಲೋಕಾರ್ಪಣೆ ಮಾಡಿಸಲಾಯಿತು. ಅದಕ್ಕೆ 4,500 ಕೋಟಿ ರೂಪಾಯಿಗಿಂತ ಹೆಚ್ಚು ಖರ್ಚಾಗಿದೆ. ತಾಲ್ಲೂಕು ಊರುಗಳಿಗೂ ಆಧುನಿಕ ಯಂತ್ರಗಳು ಬಂದಿವೆ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ನಾವೆಲ್ಲ ಜಿಟಿಟಿಸಿ ಎನ್ನುವ ಸಂಸ್ಥೆ, ಇಂದು ಜಿಲ್ಲೆ ಜಿಲ್ಲೆಗೂ ಕೈ ಚಾಚಿದೆ. ಅಲ್ಲಿ ಕಲಿತವರು ಯಾವ ಕಾರ್ಖಾನೆಗೆ ಹೋದರೂ ಅವರನ್ನು ಗೌರವದಿಂದ ನೋಡುತ್ತಾರೆ. ನಾನೂ ನೋಡುತ್ತೇನೆ. ಪ್ರಶ್ನೆ ಇರುವುದು ಹೊತ್ತಿನದು. ಎರಡನೇ ಪಾಳಿ ಇಲ್ಲದ ಕಡೆ ಸಂಜೆ ಐದರ ನಂತರ ಆ ಯಂತ್ರಗಳಿಗೆ ಹೊದಿಕೆ ಬೀಳುತ್ತದೆ. ಯಂತ್ರಕ್ಕೆ ಹೊದಿಕೆ ಹಾಕುವ ಆ ಹೊತ್ತಿಗೇ ಅದೇ ಊರಿನ ಹುಡುಗರು ಮೊಬೈಲ್ ತೆರೆದು ಆ ಯಂತ್ರದ ಪಾಠ ನೋಡಲು ಕೂರುತ್ತಾರೆ. ಈ ಎರಡರ ನಡುವೆ ಇರುವುದು ಒಂದು ಗೇಟು.

ಹೇಗೆ ಮಾಡಬಹುದು ಎಂದು ನನಗೆ ತೋಚಿದ್ದನ್ನು ಹೇಳುತ್ತೇನೆ. ಪಾಠ ನೋಡಿ ಮುಗಿಸಿದವರು ಹೆಸರು ಕೊಡಲಿ. ಮೊದಲು ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಸಿಮ್ಯುಲೇಟರ್ ಮೇಲೆ ಒಂದು ಪ್ರೋಗ್ರಾಂ ಬರೆದು ಓಡಿಸಿ ತೋರಿಸಲಿ. ಲಿನಕ್ಸ್‌ಸಿಎನ್‌ಸಿ ಎಂಬ ಮುಕ್ತ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಯಂತ್ರವಿಲ್ಲದೆಯೂ ಸಾದಾ ಕಂಪ್ಯೂಟರ್‌ನಲ್ಲಿ ಓಡುತ್ತದೆ. ಅದರಲ್ಲಿ ದಾಟಿದವರಿಗೆ ಯಂತ್ರದ ಮುಂದೆ ಗಂಟೆಗಳನ್ನು ಕೊಡಿ. ಒಂದು ಯಂತ್ರಕ್ಕೆ ನಾಲ್ವರು, ವಾರದಲ್ಲಿ ಮೂರು ಸಂಜೆ, ಎರಡೆರಡು ಗಂಟೆ. ಎರಡು ತಿಂಗಳಲ್ಲಿ ಒಬ್ಬೊಬ್ಬರಿಗೂ ಹನ್ನೆರಡು ಗಂಟೆಯಷ್ಟು ಯಂತ್ರ ಕೈಗೆ ಸಿಗುತ್ತದೆ, ಉಳಿದ ಹೊತ್ತು ಪಕ್ಕದವರ ತಪ್ಪು ನೋಡಿ ಕಲಿಯುತ್ತಾರೆ. ಕಡಿಮೆ ಎನಿಸಬಹುದು. ಸೊನ್ನೆ ಗಂಟೆಯಿಂದ ಬಂದ ಹುಡುಗನಿಗೂ ಹನ್ನೆರಡು ಗಂಟೆಯಿಂದ ಬಂದ ಹುಡುಗನಿಗೂ ಇರುವ ವ್ಯತ್ಯಾಸವನ್ನು ನಾನು ಮೊದಲ ದಿನವೇ, ಅವನು ಜಾಬ್ ಬಿಗಿಯುವ ಚಕ್ ಕೀ ಹಿಡಿಯುವ ರೀತಿಯಲ್ಲೇ ಗುರುತಿಸಬಲ್ಲೆ.

ಮೇಲ್ವಿಚಾರಣೆಗೆ ಜನರೆಲ್ಲಿ ಎಂದು ಅಧಿಕಾರಿಗಳು ಕೇಳುತ್ತಾರೆ, ಅದು ನ್ಯಾಯವಾದ ಪ್ರಶ್ನೆ. ಹಗಲೆಲ್ಲ ಪಾಠ ಮಾಡಿದ ಬೋಧಕರ ಮೇಲೆಯೇ ಈ ಹೊರೆ ಹಾಕಬಾರದು. ಪೀಣ್ಯ, ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆ, ಶಿವಮೊಗ್ಗದ ಮಾಚೇನಹಳ್ಳಿ, ಎಲ್ಲಿ ಕೇಳಿದರೂ ನಿವೃತ್ತರಾದ ಸೆಟ್ಟರ್‌ಗಳು, ಟೂಲ್‌ರೂಮ್ ಮೇಸ್ತ್ರಿಗಳು ಸಿಗುತ್ತಾರೆ. ಎಚ್‌ಎಂಟಿಯಂಥ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕೈ ಪಳಗಿಸಿಕೊಂಡವರು ಈಗಲೂ ನಮ್ಮ ನಡುವೆ ಇದ್ದಾರೆ. ಅವರಿಗೆ ಅತಿಥಿ ಬೋಧಕರ ಗೌರವಧನ ಕೊಟ್ಟು ಕರೆಯಿರಿ. ಅವರಲ್ಲಿ ಹಲವರಿಗೆ ಪದವಿಯ ಕಾಗದ ಇರುವುದಿಲ್ಲ. ದಯವಿಟ್ಟು ಅದೊಂದು ಕಾರಣಕ್ಕೆ ಅವರನ್ನು ಹೊರಗಿಡಬೇಡಿ. ಕಲಿಯಲು ಬರುವವರಿಗೆ ಸುರಕ್ಷತಾ ಶೂ, ಕನ್ನಡಕ, ಅಪಘಾತ ವಿಮೆ ಕಡ್ಡಾಯವಿರಲಿ.

ಇನ್ನು ಭಾಷೆಯ ಮಾತು. 2003ರಲ್ಲಿ ಐಐಟಿಗಳು ಮತ್ತು ನಮ್ಮ ಐಐಎಸ್‌ಸಿ ಸೇರಿ ಶುರು ಮಾಡಿದ ಎನ್‌ಪಿಟಿಇಎಲ್, 2017ರ ಜುಲೈನಲ್ಲಿ ಬಂದ ಸ್ವಯಂ, ಈ ಎರಡು ಆನ್‌ಲೈನ್ ಪಾಠದ ವೇದಿಕೆಗಳಲ್ಲಿ ಅತ್ಯುತ್ತಮ ಪಾಠಗಳಿವೆ. ಎನ್‌ಪಿಟಿಇಎಲ್‌ನ ಕೆಲವು ಪಾಠಗಳ ಕನ್ನಡ ಅನುವಾದವೂ ಆಗಿದೆ. ಆದರೆ ಅವು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮಾಡಿದವು. ಯಂತ್ರದ ಮುಂದೆ ನಿಲ್ಲುವವರಿಗೆ ಬೇಕಾದದ್ದು ಬೇರೆ ಪಾಠ, ಅದು ಹಿಂದಿಯಲ್ಲಿ, ತಮಿಳಿನಲ್ಲಿ ಸಿಗುವಷ್ಟು ಕನ್ನಡದಲ್ಲಿ ಸಿಗುತ್ತಿಲ್ಲ. ನೀವು ಮಾಡಿಸಿ. ಮಾಡಿಸುವಾಗ ಒಂದು ವಿನಂತಿಯನ್ನು ನೆನಪಿಡಿ: ಟೂಲ್‌ಗೆ ಟೂಲ್ ಎಂದೇ ಹೇಳಲಿ, ಚಕ್‌ಗೆ ಚಕ್, ಆಫ್‌ಸೆಟ್‌ಗೆ ಆಫ್‌ಸೆಟ್. ನಿಘಂಟಿನಿಂದ ಹೊಸ ಪದ ಹುಡುಕಿ ತಂದರೆ ಕಾರ್ಖಾನೆಯಲ್ಲಿ ಅದು ಯಾರಿಗೂ ತಿಳಿಯುವುದಿಲ್ಲ, ಯಂತ್ರದ ಗುಂಡಿಯ ಮೇಲೂ ಅದು ಬರೆದಿರುವುದಿಲ್ಲ. ಆ ಪದಗಳನ್ನು ಹಾಗೆಯೇ ಬಿಟ್ಟು, ವಿವರಣೆ ಮಾತ್ರ ಅಚ್ಚ ಕನ್ನಡದಲ್ಲಿ ಬರಲಿ, ಆ ಹುಡುಗರ ನೋಟ್‌ಬುಕ್ಕಿನಲ್ಲಿ ಬಂದ ಹಾಗೆ. "ಗಾಳಿಯಲ್ಲಿ ಓಡು" ಎಂಬ ಎರಡು ಪದಕ್ಕೆ ಇರುವ ಶಕ್ತಿ "ಕ್ಷಿಪ್ರ ಸ್ಥಾನಾಂತರಣ" ಎಂಬುದಕ್ಕೆ ಇಲ್ಲ.

ಪ್ರಮಾಣಪತ್ರದ ಬಗ್ಗೆಯೂ ಹೇಳಲೇಬೇಕು. ವೀಡಿಯೊ ಕೊನೆಯವರೆಗೂ ಓಡಿದರೆ ಸಾಕು, ತಾನಾಗಿಯೇ ಬರುವ ಪ್ರಮಾಣಪತ್ರಗಳಿವೆ. ಮಕ್ಕಳು ಅವನ್ನು ಆಸೆಯಿಂದ ಲ್ಯಾಮಿನೇಟ್ ಮಾಡಿಸಿ ತರುತ್ತಾರೆ. ಅವುಗಳನ್ನು ನೋಡಿ ಯಾವ ಮಾಲೀಕರೂ ಕೆಲಸ ಕೊಡುವುದಿಲ್ಲ ಎಂದು ಹೇಳಬೇಕಾಗಿ ಬಂದಾಗ ನನಗೆ ಸಂಕಟವಾಗುತ್ತದೆ. ಎನ್‌ಪಿಟಿಇಎಲ್ ಈ ವಿಷಯದಲ್ಲಿ ಒಳ್ಳೆಯ ದಾರಿ ಹಿಡಿದಿದೆ. ಪಾಠ ಉಚಿತ, ಆದರೆ ಪ್ರಮಾಣಪತ್ರ ಬೇಕಾದರೆ ಕೇಂದ್ರಕ್ಕೆ ಹೋಗಿ ಮೇಲ್ವಿಚಾರಕರ ಮುಂದೆ ಪರೀಕ್ಷೆ ಬರೆಯಬೇಕು. ಅಂಕಗಳಲ್ಲಿ ಮುಕ್ಕಾಲು ಪಾಲು ಆ ಪರೀಕ್ಷೆಯದು. ಕೈಕೆಲಸಕ್ಕೂ ಅಂಥದ್ದೇ ವ್ಯವಸ್ಥೆ ಬೇಕು. ಡ್ರಾಯಿಂಗ್ ಕೊಟ್ಟು, ನಾಲ್ಕು ಗಂಟೆ ಕೊಟ್ಟು, ಜಾಬ್ ಮಾಡಿಸಿ, ಅಳತೆ ನೋಡಿ. ಎಲ್ಲಿ, ಹೇಗೆ ಕಲಿತರು ಎಂದು ಕೇಳಬೇಡಿ. ಪ್ರಧಾನ ಮಂತ್ರಿ ಕೌಶಲ್ಯ ವಿಕಾಸ ಯೋಜನೆಯಲ್ಲಿ ಪೂರ್ವ ಕಲಿಕೆಗೆ ಮಾನ್ಯತೆ ಕೊಡುವ ಏರ್ಪಾಡು ಈಗಾಗಲೇ ಇದೆ. ವೀಡಿಯೊ ನೋಡಿ, ಸಂಜೆ ವರ್ಕ್‌ಶಾಪ್‌ನಲ್ಲಿ ಅಭ್ಯಾಸ ಮಾಡಿದವರನ್ನೂ ಅದರೊಳಗೆ ತನ್ನಿ. ಜಿಟಿಟಿಸಿಯ ಮುದ್ರೆ ಇರುವ ಒಂದು ಹಾಳೆ, ಅದರ ಹಿಂಬದಿಯಲ್ಲಿ ಆ ಅಭ್ಯರ್ಥಿ ಮಾಡಿದ ಜಾಬ್‌ನ ಅಳತೆಗಳು. ಅಂಥ ಹಾಳೆ ಹಿಡಿದು ಬಂದವರನ್ನು ನಾನು ಅದೇ ದಿನ ಯಂತ್ರಕ್ಕೆ ನಿಲ್ಲಿಸುತ್ತೇನೆ.

ಯುವನಿಧಿ ಯೋಜನೆಯ ಹಣ 2024ರ ಜನವರಿಯಿಂದ ಕೆಲಸ ಹುಡುಕುತ್ತಿರುವ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿಯಂತೆ ಎರಡು ವರ್ಷದವರೆಗೆ ಸಿಗುತ್ತಿದೆ. ಅದರಿಂದ ಎಷ್ಟೋ ಮನೆಗಳಿಗೆ ಆಸರೆಯಾಗಿದೆ. ಆ ಎರಡು ವರ್ಷಗಳಲ್ಲೇ ಮಕ್ಕಳು ಮೊಬೈಲ್ ಹಿಡಿದು ಏನಾದರೂ ಕಲಿಯಬೇಕೆಂದು ಒದ್ದಾಡುವುದು. ಯುವನಿಧಿ ಪಡೆಯುವವರಲ್ಲಿ ಇಷ್ಟವಿದ್ದವರಿಗೆ ತಾಲ್ಲೂಕಿನ ಐಟಿಐ ವರ್ಕ್‌ಶಾಪ್‌ಗೆ ಸಂಜೆ ಹೋಗುವ ಹಕ್ಕು ಕೊಡಿ, ಬಸ್ ಪಾಸ್ ಕೊಡಿ. ಹೆಣ್ಣುಮಕ್ಕಳಿಗೆ ಬಸ್ಸು ಈಗಾಗಲೇ ಉಚಿತವಿದೆ, ಆದರೆ ರಾತ್ರಿ ಎಂಟರ ಮೇಲೆ ಹಳ್ಳಿಗೆ ಬಸ್ಸೇ ಇರುವುದಿಲ್ಲ. ಅವರಿಗಾಗಿ ಶನಿವಾರ ಮಧ್ಯಾಹ್ನ, ಭಾನುವಾರದ ತರಗತಿ ಇಡಬೇಕಾಗುತ್ತದೆ. ನಮ್ಮ ಕಾರ್ಖಾನೆಯಲ್ಲಿ ಈಗ ಅಳತೆಯ ವಿಭಾಗವನ್ನು ನೋಡಿಕೊಳ್ಳುತ್ತಿರುವವಳು ಪಾವಗಡ ಕಡೆಯ ಡಿಪ್ಲೊಮಾ ಹುಡುಗಿ. ಅವಳ ಕೈಯಿಂದ ದಾಟಿದ ಜಾಬ್ ಗ್ರಾಹಕರಿಂದ ಇದುವರೆಗೆ ಹಿಂದಕ್ಕೆ ಬಂದಿಲ್ಲ. ಅವಳ ಊರಿನಲ್ಲಿ ಅವಳಂಥವರು ಇನ್ನೂ ಇದ್ದಾರೆ ಎಂದು ಅವಳೇ ಹೇಳುತ್ತಾಳೆ.

ಎಲ್ಲ 150 ಕಡೆಯೂ ಒಮ್ಮೆಗೇ ಆಗಬೇಕೆಂದು ನಾನು ಕೇಳುವುದಿಲ್ಲ. ಐದು ತಾಲ್ಲೂಕುಗಳಲ್ಲಿ ಆರು ತಿಂಗಳು ನಡೆಸಿ ನೋಡಿ. ಕೆಲಸ ಸಿಕ್ಕವರ ಲೆಕ್ಕ ಹಾಕಿ, ಕಲಿಯುವಾಗ ಒಡೆದ ಇನ್ಸರ್ಟ್‌ಗಳ ಲೆಕ್ಕವನ್ನೂ ಹಾಕಿ, ಎರಡನ್ನೂ ಪ್ರಕಟಿಸಿ.

ನನ್ನ ಕಡೆಯಿಂದ ಆಗುವುದನ್ನು ಹೇಳಿ ಈ ಪತ್ರ ಮುಗಿಸುತ್ತೇನೆ. ಪೀಣ್ಯದ ಸುತ್ತಮುತ್ತ ಯಾವ ಸರ್ಕಾರಿ ವರ್ಕ್‌ಶಾಪ್ ಬಾಗಿಲು ತೆರೆದರೂ ವಾರಕ್ಕೆ ಎರಡು ಸಂಜೆ ಬಂದು ನಿಲ್ಲುತ್ತೇನೆ, ಅದಕ್ಕೆ ಗೌರವಧನ ಬೇಡ. ನನ್ನ ಜೊತೆ ಕೆಲಸ ಮಾಡುವ ಇನ್ನಿಬ್ಬರೂ ಒಪ್ಪಿದ್ದಾರೆ. ಕನ್ನಡದಲ್ಲಿ ಹದಿನಾಲ್ಕು ಪಾಠಗಳನ್ನು ನಾನು ಬರೆದಿಟ್ಟಿದ್ದೇನೆ, ಒಂದೊಂದೂ ಹತ್ತು ನಿಮಿಷಕ್ಕೆ ಆಗುವಷ್ಟು. ಇಲಾಖೆ ಚಿತ್ರೀಕರಿಸುವುದಾದರೆ ಎಲ್ಲವನ್ನೂ ಕೊಡುತ್ತೇನೆ. ಮೊದಲ ಪಾಠ ಅಂಕಿಯ ಕೊನೆಯ ಚುಕ್ಕೆಯ ಬಗ್ಗೆ. ಅಂದು ಟೂಲ್ ಮುರಿದ ಹುಡುಗ ಈಗ ನಮ್ಮಲ್ಲಿ ರಾತ್ರಿ ಪಾಳಿಯ ಸೆಟ್ಟರ್. ಆ ಪಾಠವನ್ನು ಕ್ಯಾಮೆರಾದ ಮುಂದೆ ತಾನೇ ಹೇಳುತ್ತೇನೆಂದು ಕೇಳಿಕೊಂಡಿದ್ದಾನೆ.

ಇಂತಿ ತಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ಸಿಎನ್‌ಸಿ ಸೆಟ್ಟರ್